ಏರಿನಲ್ಲಿ ಎಳೆಯದ ಕಾರು

11 ಆಗಸ್ಟ್ 2024, ಭಾನುವಾರ
ಪೆರ್ಲ, ಕಾಸರಗೋಡು ಜಿಲ್ಲೆ

ಎರಡು ವಾರಗಳಿಂದ ನಮ್ಮನ್ನು ಕಾಡಿದ ಕಾರಿನ ದೋಷದ ಮೂಲ ನಿನ್ನೆ ಸಂಜೆ ಸಿಕ್ಕಿತು. ಅಡಿಕೆ ತೋಟವಿರುವ ಇತರರಿಗೂ ಇದು ಉಪಯೋಗವಾದೀತು ಎಂಬ ಕಾರಣಕ್ಕೆ ವಿವರವಾಗಿಯೇ ಬರೆಯುತ್ತಿದ್ದೇನೆ.

ಕಾರು ಹನ್ನೊಂದು ವರ್ಷ ಹಳೆಯದು, ಪೆಟ್ರೋಲಿನದು. ಜುಲೈ ಕೊನೆಯ ವಾರದಲ್ಲಿ ಬದಿಯಡ್ಕದಿಂದ ಹಿಂತಿರುಗುವಾಗ, ಏರಿನಲ್ಲಿ ಎರಡನೆಯ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ನಿನ ಸದ್ದು ಕುಗ್ಗಿ, ಹಿಂದಿನಿಂದ ಯಾರೋ ಹಿಡಿದುಕೊಂಡಂತೆ ಬಂಡಿ ನಿಧಾನವಾಯಿತು. ಕಾಲು ಸಡಿಲಿಸಿದರೆ ಚೇತರಿಸಿಕೊಂಡಿತು. ಮರುದಿನ ಅದೇ ಏರನ್ನು ಏನೂ ಆಗದವರಂತೆ ಹತ್ತಿತು. ಸಮತಟ್ಟು ರಸ್ತೆಯಲ್ಲಿ ತೊಂದರೆಯೇ ಇರಲಿಲ್ಲ, ಎಂಜಿನ್ ದೀಪವೂ ಉರಿಯಲಿಲ್ಲ.

ವರ್ಕ್‌ಶಾಪಿನಲ್ಲಿ ಮೊದಲು ಏರ್ ಫಿಲ್ಟರ್, ಅನಂತರ ಸ್ಪಾರ್ಕ್ ಪ್ಲಗ್, ಕೊನೆಗೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪನ್ನೇ ಬದಲಿಸಿದರು. ಎರಡು ದಿನ ಮಳೆ ಬಿಟ್ಟಿತ್ತು, ಕಾರೂ ಚೆನ್ನಾಗಿ ಓಡಿತು. ಮೂರನೆಯ ದಿನ ಮಳೆಯೊಂದಿಗೆ ಹಳೆಯ ರೋಗವೂ ಮರಳಿ ಬಂತು. ನಿಂತಲ್ಲೇ ಗೇಜು ಹಾಕಿ ನೋಡಿದರೆ ಪೆಟ್ರೋಲಿನ ಒತ್ತಡ 3 ಬಾರ್ ಇತ್ತು; ಅದು ಇರಬೇಕಾದಷ್ಟೇ. ಆದರೆ ಎಂಜಿನ್ ಸುಮ್ಮನೆ ತಿರುಗುತ್ತಿರುವಾಗ ಅದಕ್ಕೆ ಬೇಕಾಗುವುದು ಅತ್ಯಲ್ಪ ಪೆಟ್ರೋಲ್, ಪಂಪ್ ಎತ್ತಿದ್ದರಲ್ಲಿ ಬಹುಪಾಲು ಟ್ಯಾಂಕಿಗೇ ಹಿಂತಿರುಗುತ್ತದೆ. ಬಲಗುಂದಿದ ಪಂಪ್ ಕೂಡ ಆ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಏರಿನಲ್ಲಿ, ಭಾರ ಹೊತ್ತಾಗ, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳು ಹೆಚ್ಚು ಹೊತ್ತು ತೆರೆದಿರುವಾಗ ಮಾತ್ರ ಕೊರತೆ ಹೊರಬೀಳುತ್ತದೆ. ಹಾಗಾಗಿ ದೋಷ ಎಲ್ಲಿ ತೋರುತ್ತದೆಯೋ ಅಲ್ಲೇ ಅಳೆಯಬೇಕೆಂದು ನಿಶ್ಚಯಿಸಿದೆ.

ನಾಗರಪಂಚಮಿಯ ಹಿಂದಿನ ದಿನ, ಗುರುವಾರ, ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿ, ಎಂಜಿನ್ ಸೆನ್ಸರುಗಳ ಅಂಕಿ ಓದುವ ಬ್ಲೂಟೂತ್ ಸ್ಕ್ಯಾನರನ್ನು ಫೋನಿಗೆ ಜೋಡಿಸಿ ಏರು ಹತ್ತಿಸಿದೆ. ಹೊಗೆ ಕೊಳವೆಯ ಆಕ್ಸಿಜನ್ ಸೆನ್ಸರನ್ನು ನೋಡುತ್ತಿರು ಎಂದು ಅವನಿಗೆ ಹೇಳಿದ್ದೆ. ನಮ್ಮ ಕಾರಿನಲ್ಲಿರುವ ಬಗೆಯ ಸೆನ್ಸರು ಪೆಟ್ರೋಲ್ ಹೆಚ್ಚಿದ್ದಾಗ 0.9 ವೋಲ್ಟಿನ ಆಸುಪಾಸು, ಗಾಳಿ ಹೆಚ್ಚಿದ್ದಾಗ 0.1 ವೋಲ್ಟಿನ ಆಸುಪಾಸು ತೋರಿಸುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಅದು ಮೇಲಿನ ಅಂಚಿನಲ್ಲಿರಬೇಕು. “ಮಾವ, ಈಗ ಸೊನ್ನೆ ಪಾಯಿಂಟ್ ಒಂದು!” ಎಂದು ಅವನು ಕೂಗಿದ ಕ್ಷಣವೇ ಎಂಜಿನ್ ಸೋತಿತು. ಅಂದರೆ ಗಾಳಿ ಧಾರಾಳವಾಗಿ ಬರುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ. ಕಿಡಿ ತಪ್ಪಿ ಎಂಜಿನ್ ‘ಮಿಸ್ಸಿಂಗ್’ ಆದಾಗ ಬರುವ ಜರ್ಕ್ ಇಲ್ಲದೆ ಶಕ್ತಿ ಮೆಲ್ಲನೆ ಇಳಿಯುತ್ತಿದ್ದುದೂ ಇದಕ್ಕೆ ಹೊಂದಿತು. ಟ್ಯಾಂಕು ಅರ್ಧಕ್ಕಿಂತ ಮೇಲಿತ್ತು, ಪಂಪ್ ಹೊಸದು. ಉಳಿದದ್ದು ಪಂಪಿಗೆ ಹೋಗುವ ಕರೆಂಟು.

ನಿನ್ನೆ ಪೇಟೆಯ ಆಟೋ ಎಲೆಕ್ಟ್ರೀಷಿಯನ್ ಮನೆಗೇ ಬಂದರು. ಪಂಪಿನ ಪ್ಲಗ್ಗಿನಿಂದ ಉದ್ದನೆಯ ವಯರುಗಳನ್ನು ಮುಂದಿನ ಸೀಟಿನವರೆಗೆ ಎಳೆದು, ಮೀಟರ್ ಕೈಯಲ್ಲಿ ಹಿಡಿದು, ಅದೇ ಏರಿಗೆ ಹೊರಟೆವು. ಅಂಗಳದಲ್ಲಿ ಅರ್ಥ್ ಬದಿಯ (ಪಂಪಿನಿಂದ ಕಾರಿನ ಬಾಡಿಗೆ ಕರೆಂಟು ಹಿಂತಿರುಗುವ ವಯರಿನ) ನಷ್ಟ 0.4 ವೋಲ್ಟ್ ಇದ್ದದ್ದು, ಹೊಂಡಗಳಲ್ಲಿ ಕುಲುಕಿದೊಡನೆ 2.6ಕ್ಕೆ ಜಿಗಿಯಿತು. ಬ್ಯಾಟರಿಯಲ್ಲಿ 14.0 ವೋಲ್ಟ್ ಇದ್ದರೂ ಪಂಪಿಗೆ ಮುಟ್ಟುತ್ತಿದ್ದದ್ದು 11.2 ಮಾತ್ರ. “ಮಾಷ್ಟ್ರೇ, ಪಂಪು ಏನು ಮಾಡೀತು? ಬಾಡಿ ಅರ್ಥೇ ಹೋಗಿದೆ” ಎಂದರು ಅವರು. ಇದೇ ವಯರನ್ನು ಹಿಂದೆ ವರ್ಕ್‌ಶಾಪಿನಲ್ಲಿ, ವಯರು ತುಂಡಾಗದಿದ್ದರೆ ಕೂಗುವ ಮೀಟರಿನ ಬಜರ್ ಹಾಕಿ ಪರೀಕ್ಷಿಸಿದ್ದರಂತೆ, ಬಜರ್ ಕೂಗಿತ್ತಂತೆ. ಅರ್ಧ ಓಮ್ ತಡೆಯಿದ್ದರೂ ಬಜರ್ ಕೂಗಿಯೇ ಕೂಗುತ್ತದೆ. ಪಂಪ್ 5 ಆಂಪಿಯರ್ ಎಳೆಯುವಾಗ ಅದೇ ಅರ್ಧ ಓಮ್ ಎರಡೂವರೆ ವೋಲ್ಟನ್ನು ನುಂಗಿಬಿಡುತ್ತದೆ. ಅದಕ್ಕಾಗಿಯೇ ಇಂಥ ಜೋಡಣೆಯನ್ನು ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು.

ಹಿಂದಿನ ಸೀಟಿನ ಕೆಳಗೆ ಕಾರ್ಪೆಟ್ ಮಗುಚಿದಾಗ ನನಗೆ ಎದೆ ಧಸಕ್ಕೆಂದಿತು. ಒದ್ದೆಯಾದ ಸ್ಪಂಜಿನ ಮೇಲೆ ನೀಲಿ ಕಲೆ, ಅದರ ನಡುವೆ ಅರ್ಥಿನ ಬೋಲ್ಟು ತುಕ್ಕಿನ ಉಂಡೆಯಾಗಿ ಕುಳಿತಿತ್ತು. ಅದು ಮೈಲುತುತ್ತು, ಎಂದರೆ ಕಾಪರ್ ಸಲ್ಫೇಟ್. ಕಳೆದ ನಾಲ್ಕೈದು ಮಳೆಗಾಲಗಳಿಂದ ಅಡಿಕೆಯ ಕೊಳೆರೋಗದ ಮದ್ದಿಗೆ ಬೇಕಾದ ತುತ್ತಿನ ಚೀಲಗಳನ್ನು ನಾನು ಇದೇ ಜಾಗದಲ್ಲಿಟ್ಟು ತರುತ್ತಿದ್ದೆ. ಚೀಲದಿಂದ ಉದುರಿದ ಹರಳುಗಳು, ಬಾಗಿಲಿನ ಸವೆದ ರಬ್ಬರಿನಿಂದ ಒಳಬಂದ ಮಳೆನೀರಿನಲ್ಲಿ ಕರಗಿ ಕಬ್ಬಿಣವನ್ನು ತಿಂದಿದ್ದವು. ಆ ಮದ್ದು, ಎಂದರೆ ತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ, ಹದವಾಯಿತೇ ಎಂದು ನೋಡಲು ನಾವು ಉಜ್ಜಿದ ಕತ್ತಿಯ ಅಲಗನ್ನು ಅದ್ದುತ್ತೇವೆ, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಹಾಕುತ್ತೇವೆ. ಕಬ್ಬಿಣ ಕರಗಿ ತಾಮ್ರ ಕೂರುವ ಕೆಂಪು ಅದು. ಅದೇ ಕೆಂಪು ಬೋಲ್ಟಿನ ಅಂಚಿನಲ್ಲಿಯೂ ಇತ್ತು. ಬಾಲ್ಯದಿಂದ ತಿಳಿದಿದ್ದ ಸಂಗತಿ, ಸ್ವಂತ ಕಾರಿನ ವಿಷಯದಲ್ಲಿ ಹೊಳೆಯಲೇ ಇಲ್ಲವೆಂಬ ಬೇಸರ ಈಗಲೂ ಇದೆ.

ಬ್ಯಾಟರಿಯ ನೆಗೆಟಿವ್ ಕಳಚಿ, ಆ ಭಾಗವನ್ನು ಸೋಡಾ ಪುಡಿ ಕಲಸಿದ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಹೊಳೆಯುವ ಲೋಹ ಕಾಣುವವರೆಗೆ ಪಾಲಿಶ್ ಕಾಗದದಿಂದ ಉಜ್ಜಿದೆವು. ವಯರಿನ ತುದಿಯೂ ಒಳಗೆ ಕಪ್ಪಾಗಿದ್ದರಿಂದ ಕತ್ತರಿಸಿ ಹೊಸ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ತುದಿ) ಹಾಕಿ, ಹೊಸ ಬೋಲ್ಟಿನಿಂದ ಬಿಗಿದು ಮೇಲೆ ವ್ಯಾಸಲಿನ್ ಹಚ್ಚಿದರು. ಈಗ ನಷ್ಟ 0.06 ವೋಲ್ಟ್. ನಾಲ್ಕು ಮಂದಿ ಕುಳಿತು ಅದೇ ಏರನ್ನು ಮೂರು ಸಲ ಹತ್ತಿದೆವು, ಸೆನ್ಸರು 0.85ರಿಂದ ಕೆಳಗಿಳಿಯಲಿಲ್ಲ.

ಕಾರ್ಪೆಟ್ ಹೊಗೆ ಅಟ್ಟದಲ್ಲಿ ಒಣಗುತ್ತಿದೆ. ಬಾಗಿಲಿನ ರಬ್ಬರ್ ಬದಲಿಸದೆ ಅದನ್ನು ಮರಳಿ ಹಾಸುವುದಿಲ್ಲ. ಇನ್ನು ಮೈಲುತುತ್ತು ಬರುವುದಿದ್ದರೆ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಬಾಡಿಗೆಯ ಗೂಡ್ಸ್ ಆಟೋದಲ್ಲಿ. ಬುಧವಾರ ಮಳೆಯಿದ್ದರೆ ಚೆರ್ಕಳದವರೆಗೆ ಹೋಗಿ ಬಂದು ಅರ್ಥಿನ ನಷ್ಟವನ್ನು ಇನ್ನೊಮ್ಮೆ ಅಳೆಯಬೇಕು.