ಐದು ಜನರ ಮನೆ, ರಾಯಚೂರಿನಿಂದ ವಿದೇಶ: ಪ್ಯಾಕೇಜೋ, ಸ್ವಂತ ಬುಕಿಂಗೋ, ರೈಲಿನಲ್ಲಿ ನೇಪಾಳವೋ?

ವಿದೇಶಕ್ಕೆ ಹೋಗಿಬರಲು ಎಷ್ಟು ಖರ್ಚಾಗುತ್ತದೆ ಎಂದು ಕೇಳುವವರು ನಮ್ಮ ಕಡೆ ಈಗೀಗ ಹೆಚ್ಚಾಗಿದ್ದಾರೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲೂ ಕೇಳುತ್ತಾರೆ. ಕೇಳಿದವರಿಗೆಲ್ಲ ನಾನು ಮರುಪ್ರಶ್ನೆ ಹಾಕುತ್ತೇನೆ: ಮನೆಯಿಂದ ಹೊರಡುವವರು ಎಷ್ಟು ಜನ? ಮೊಬೈಲಿನಲ್ಲಿ ಕಾಣುವ ಅಗ್ಗದ ಟಿಕೆಟ್ ಒಬ್ಬರದು. ಅದನ್ನು ಐದರಿಂದ ಗುಣಿಸಿದರೂ ಪ್ರವಾಸದ ಖರ್ಚು ಸಿಗುವುದಿಲ್ಲ. ಏಕೆಂದರೆ ಕೆಲವು ಖರ್ಚು ತಲೆಗೆ ಇಷ್ಟೆಂದು ಬೀಳುತ್ತದೆ, ಕೆಲವು ಗಾಡಿಗೆ ಅಥವಾ ಕೋಣೆಗೆ ಇಷ್ಟೆಂದು ಬೀಳುತ್ತದೆ. ಇಬ್ಬರೇ ಹೋಗುವಾಗ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಮಕ್ಕಳು, ಹಿರಿಯರು ಸೇರಿದ ಸಂಸಾರಕ್ಕೆ ಇಡೀ ಬಜೆಟ್ ನಿಲ್ಲುವುದೇ ಇದರ ಮೇಲೆ. ತಲೆಗೆ ಬೀಳುವ ಖರ್ಚು ಕಡಿಮೆ ಇರುವ ದಾರಿಯೇ ದೊಡ್ಡ ಕುಟುಂಬಕ್ಕೆ ಅಗ್ಗದ ದಾರಿ.

ನಮ್ಮ ಮನೆಯಲ್ಲಿ ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು ಮತ್ತು ಎಪ್ಪತ್ತರ ಆಸುಪಾಸಿನ ಅತ್ತೆಯವರು. ರೈಲು ಹಿಡಿದು ನೇಪಾಳಕ್ಕೆ ಹೋಗಿಬಂದಿದ್ದೇವೆ. ಟಿಕೆಟ್, ಹೋಟೆಲ್ ಎಲ್ಲವನ್ನೂ ನಾವೇ ಬುಕ್ ಮಾಡಿಕೊಂಡು ಮಲೇಷ್ಯಾ ನೋಡಿದ್ದೇವೆ. ನನ್ನ ನಾದಿನಿಯ ಕುಟುಂಬ ಪ್ಯಾಕೇಜ್ ತೆಗೆದುಕೊಂಡು ಥಾಯ್ಲೆಂಡ್‌ಗೆ ಹೋಗಿತ್ತು. ಮೂರೂ ಪ್ರವಾಸದ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೇಪಾಳ. ಪಾಸ್‌ಪೋರ್ಟ್ ಇಲ್ಲದವರು, ಮನೆಯಲ್ಲಿ ಹಿರಿಯರಿರುವವರು ಮೊದಲ ವಿದೇಶ ಪ್ರವಾಸಕ್ಕೆ ಬೇರೆ ಯೋಚನೆಯನ್ನೇ ಮಾಡಬೇಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಭಾರತೀಯರಿಗೆ ಅಲ್ಲಿ ವೀಸಾ ಇಲ್ಲ. ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಸಾಕು. 15 ವರ್ಷದೊಳಗಿನ ಮಕ್ಕಳು ಮತ್ತು 65 ದಾಟಿದವರು ಆಧಾರ್‌ನಂತಹ ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಬಹುದು. ಉಳಿದವರಿಗೆ ಆಧಾರ್ ನಡೆಯುವುದಿಲ್ಲ, ವಿಮಾನದಲ್ಲಿ ಹೋಗುವವರಂತೂ ಇದನ್ನು ಮರೆಯಲೇಬಾರದು. ಹದಿನೈದು ದಾಟಿ ಹದಿನೆಂಟು ತುಂಬದ ಮಕ್ಕಳಿಗೆ ಶಾಲೆಯ ಮುಖ್ಯಸ್ಥರಿಂದ ಗುರುತಿನ ಪತ್ರ ಮಾಡಿಸಿಕೊಳ್ಳಿ.

ನಾವು ಸಿಕಂದರಾಬಾದ್‌ಗೆ ಹೋಗಿ ಅಲ್ಲಿಂದ ಉತ್ತರ ಪ್ರದೇಶದ ಗೋರಖ್‌ಪುರದ ರೈಲು ಹತ್ತಿದೆವು. ಒಂದು ಹಗಲು, ಒಂದು ರಾತ್ರಿ ಕಳೆದರೂ ಮುಗಿಯದ ಪ್ರಯಾಣ. ದೂರದ ರೈಲು ಹಿರಿಯರಿಗೆ ಕಷ್ಟ ಎಂದು ಅನೇಕರು ಹೆದರಿಸಿದ್ದರು. ಆದರೆ ಅತ್ತೆಯವರು ಕೆಳಗಿನ ಬರ್ತ್‌ನಲ್ಲಿ ಕಾಲು ಚಾಚಿ ಮಲಗಿ, ಬೇಕೆನಿಸಿದಾಗ ಎದ್ದು ಕುಳಿತು, ನಾಗಪುರದ ಆಚೆಯ ಹೊಲಗಳನ್ನು ನೋಡುತ್ತ ಬಂದರು. ಟಿಕೆಟ್ ತೆರೆಯುವುದು 60 ದಿನ ಮೊದಲು. ಬೇಸಿಗೆ ರಜೆಯಲ್ಲಿ ಗೋರಖ್‌ಪುರದ ಕಡೆಯ ರೈಲುಗಳು ಕಿಕ್ಕಿರಿದಿರುತ್ತವೆ, ಹಾಗಾಗಿ ತೆರೆದ ದಿನವೇ ಮಾಡಿಸಬೇಕು.

ಗೋರಖ್‌ಪುರದಿಂದ ಸುನೌಲಿ ಗಡಿಗೆ ನೂರು ಕಿಲೋಮೀಟರ್ ಒಳಗೆ. ಗಡಿಯಲ್ಲಿ ಭಾರತೀಯರಿಗೆ ಸೀಲು, ಮುದ್ರೆ ಏನೂ ಇಲ್ಲ. ಚೀಟಿ ಕೇಳಿದರೆ ತೋರಿಸಿ, ಕಮಾನಿನ ಕೆಳಗೆ ನಡೆದು ಆಚೆಗೆ ಹೋಗುವುದು ಅಷ್ಟೇ. ದಾಟಿದ ಕೂಡಲೇ ಗಡಿಯಾರವನ್ನು 15 ನಿಮಿಷ ಮುಂದಿಡಿ, ಬಸ್ಸುಗಳೆಲ್ಲ ಆ ಸಮಯಕ್ಕೇ ಹೊರಡುತ್ತವೆ. ನಮ್ಮ ಒಂದು ರೂಪಾಯಿಗೆ ಅಲ್ಲಿ 1.60 ನೇಪಾಳಿ ರೂಪಾಯಿ, ಇದು ಸ್ಥಿರ ದರ. ಅಂಗಡಿಯವರು ಬೆಲೆ ಹೇಳಿದಾಗ ‘ಐಸಿಯೋ, ಎನ್‌ಸಿಯೋ’ ಎಂದು ಕೇಳಿಕೊಳ್ಳಿ. ಐಸಿ ಎಂದರೆ ನಮ್ಮ ರೂಪಾಯಿ, ಎನ್‌ಸಿ ಎಂದರೆ ಅವರದು. ಎನ್‌ಸಿ ಬೆಲೆಗೆ ಕೇಳದೆ ನಮ್ಮ ರೂಪಾಯಿ ಎಣಿಸಿಕೊಟ್ಟರೆ ನೂರಕ್ಕೆ ಅರವತ್ತು ಹೆಚ್ಚು ಕೊಟ್ಟಂತಾಗುತ್ತದೆ. 100 ರೂಪಾಯಿಯ ನೋಟುಗಳನ್ನೇ ಒಯ್ಯಿರಿ. ದೊಡ್ಡ ನೋಟುಗಳ ನಿಯಮ ಬದಲಾಗುತ್ತ ಬಂದಿರುವುದರಿಂದ ಅವನ್ನು ಮುಟ್ಟಲು ಹಲವರು ಹಿಂಜರಿಯುತ್ತಾರೆ. 2024ರಿಂದ ಅನೇಕ ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತದೆ. ಸ್ಥಳೀಯ ಸಿಮ್ ಕೊಳ್ಳಲು ಪಾಸ್‌ಪೋರ್ಟ್ ಅಳತೆಯ ಫೋಟೊ ಬೇಕಾಗುತ್ತದೆ, ನಾಲ್ಕು ಪ್ರತಿ ಚೀಲದಲ್ಲಿರಲಿ.

ಸುನೌಲಿಯಿಂದ ಲುಂಬಿನಿ ಹತ್ತಿರದಲ್ಲೇ ಇದೆ, ರಾಯಚೂರಿನವರು ಅದನ್ನು ಬಿಟ್ಟು ಮುಂದೆ ಹೋಗಬಾರದು. ಅಲ್ಲಿ ಬುದ್ಧ ಹುಟ್ಟಿದ ಜಾಗದಲ್ಲಿ ಅಶೋಕ ನಿಲ್ಲಿಸಿದ ಕಂಬವಿದೆ. ಬುದ್ಧ ಇಲ್ಲಿ ಜನಿಸಿದನೆಂದೂ, ಆ ಕಾರಣಕ್ಕೆ ಈ ಊರಿನ ತೆರಿಗೆ ಇಳಿಸಿದ್ದೇನೆಂದೂ ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಕೊರೆದಿದೆ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನವೂ ಅದೇ ಅಶೋಕನದು. ‘ದೇವಾನಾಂಪ್ರಿಯ’ ಎಂದು ಕರೆದುಕೊಂಡ ಅರಸ ಅಶೋಕನೇ ಎಂದು ತಿಳಿಯಲು ಮಸ್ಕಿಯ ಬಂಡೆಯೇ ಆಧಾರವಾಯಿತು. ಹೊರಡುವ ಮೊದಲು ಮಕ್ಕಳನ್ನು ಮಸ್ಕಿಗೆ ಕರೆದೊಯ್ದು ಆ ಅಕ್ಷರ ತೋರಿಸಿದ್ದೆವು. ಲುಂಬಿನಿಯಲ್ಲಿ ಕಂಬದ ಸುತ್ತಲಿನ ಬೇಲಿಗೆ ಮುಖವಿಟ್ಟು ಮಗಳು ‘ಇದೂ ಅದೇ ತರಹ ಇದೆ’ ಎಂದು ಬೆರಳು ಮಾಡಿದಳು. ಕೊಪ್ಪಳದವರಿಗೆ ಗವಿಮಠದ ಬೆಟ್ಟ, ಪಾಲ್ಕಿಗುಂಡುಗಳಲ್ಲೇ ಅಶೋಕನ ಶಾಸನಗಳಿವೆ. ಅವನ್ನು ನೋಡಿಯೇ ಹೊರಡಿ.

ಅಲ್ಲಿಂದ ಪೋಖರಾ, ಕಠ್ಮಂಡುಗಳಿಗೆ ನಾವು ಇಡೀ ಜೀಪನ್ನು ಬಾಡಿಗೆಗೆ ಹಿಡಿದೆವು. ಬಸ್ಸಿನಲ್ಲಿ ತಲೆಗೆ ಕೊಡುವ ಹಣಕ್ಕೆ ಇನ್ನಷ್ಟು ಸೇರಿಸಿದರೆ ಗಾಡಿ ನಮ್ಮದೇ ಆಗುತ್ತದೆ. ತಾನ್ಸೇನ್ ಮೇಲೆ ಹೋಗುವ ರಸ್ತೆ ತಿರುವಿನ ಮೇಲೆ ತಿರುವು. ಮಕ್ಕಳಿಗೆ ವಾಂತಿ ಬಂದಾಗ ನಿಲ್ಲಿಸಲು, ಅತ್ತೆಯವರು ಕೈಕಾಲು ಆಡಿಸಲು ಸ್ವಂತ ಗಾಡಿಯಷ್ಟು ಅನುಕೂಲ ಬೇರೆ ಇಲ್ಲ. ಮಳೆಗಾಲದಲ್ಲಿ ಮಾತ್ರ ಈ ಗುಡ್ಡದ ರಸ್ತೆಗಳ ಕಡೆ ಸುಳಿಯಬೇಡಿ. 2024ರ ಜುಲೈನಲ್ಲಿ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಕೊಚ್ಚಿಹೋದವು. ನಮ್ಮ ದಸರಾ ರಜೆಗೆ ಹೊರಡುವವರು ಇನ್ನೊಂದು ಗಮನಿಸಿ: ಅವರಿಗೂ ಅದೇ ದೊಡ್ಡ ಹಬ್ಬ. ಕಠ್ಮಂಡು ಬಿಟ್ಟು ಊರಿಗೆ ಹೋಗುವವರಿಂದ ಬಸ್ಸುಗಳು ತುಂಬಿರುತ್ತವೆ, ಅಂಗಡಿಗಳು ಮುಚ್ಚಿರುತ್ತವೆ. ಹಿಮದ ಶಿಖರಗಳು ನಿಚ್ಚಳವಾಗಿ ಕಾಣುವುದೂ ಆಗಲೇ, ಆದ್ದರಿಂದ ಗಾಡಿ, ಕೋಣೆಗಳನ್ನು ಮೊದಲೇ ಹಿಡಿದಿಟ್ಟು ಹೋಗುವುದಾದರೆ ಆ ರಜೆ ಒಳ್ಳೆಯದು. ಏಪ್ರಿಲ್–ಮೇನಲ್ಲಿ ಮಬ್ಬು ಹೆಚ್ಚು.

ಕಠ್ಮಂಡುವಿನ ಪಶುಪತಿನಾಥ ದೇವಸ್ಥಾನದ ಮುಖ್ಯ ಅರ್ಚಕರಾದ ಭಟ್ಟರು ಕರ್ನಾಟಕ ಮೂಲದವರೆಂದು ಕೇಳಿ ಅತ್ತೆಯವರು ಹಿಗ್ಗಿದ್ದನ್ನು ಇಲ್ಲಿ ಹೇಳಲೇಬೇಕು. ಚರ್ಮದ ಬೆಲ್ಟು, ಪರ್ಸುಗಳನ್ನು ಹೊರಗೇ ಬಿಟ್ಟು ಒಳಗೆ ಹೋಗಬೇಕು.

ಇನ್ನು ವಿಮಾನದ ದಾರಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಸಲೀಸು. ಶಕ್ತಿನಗರ ದಾಟಿ, ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮೇಲೆ ಹೋದರೆ ಶಂಶಾಬಾದ್ ವಿಮಾನ ನಿಲ್ದಾಣ ಸುಮಾರು 200 ಕಿಲೋಮೀಟರ್. ಹೈದರಾಬಾದ್ ಪಟ್ಟಣಕ್ಕಿಂತ ಮೊದಲೇ ಅದು ಸಿಗುವುದರಿಂದ ನಗರದ ಟ್ರಾಫಿಕ್‌ಗೆ ಸಿಲುಕುವ ಪ್ರಶ್ನೆಯೇ ಇಲ್ಲ. ಬೆಂಗಳೂರಿಗೆ ಇದರ ಎರಡು ಪಟ್ಟು ದೂರ. ಬೆಂಗಳೂರಿನ ಟಿಕೆಟ್ ತಲೆಗೆ ಎರಡು ಸಾವಿರ ಅಗ್ಗ ಕಂಡರೂ ರಾತ್ರಿ ಬಸ್ಸು, ವಿಮಾನ ನಿಲ್ದಾಣದ ಟ್ಯಾಕ್ಸಿ, ಅಲ್ಲಿ ಉಳಿಯುವ ಖರ್ಚು ಕೂಡಿಸಿದ ಮೇಲೆ ನಿರ್ಧರಿಸಿ. ಬಳ್ಳಾರಿಯವರಿಗೆ ಲೆಕ್ಕ ಬೇರೆಯಾಗುತ್ತದೆ, ಅವರಿಗೆ ಬೆಂಗಳೂರೇ ಹತ್ತಿರ. ಐದು ಜನಕ್ಕೆ ಶಂಶಾಬಾದ್‌ಗೆ ಊರಿನ ಬಾಡಿಗೆ ಕಾರು ಮಾಡುವುದು ಬಸ್ಸಿಗಿಂತ ದುಬಾರಿ ನಿಜ, ಆದರೆ ಆಗ್ನೇಯ ಏಷ್ಯಾದ ಅಗ್ಗದ ವಿಮಾನಗಳು ಬಹುಪಾಲು ರಾತ್ರಿಯ ಹೊತ್ತಿನವು. ನಡುರಾತ್ರಿ ಲಗೇಜು, ಮಕ್ಕಳನ್ನು ಕಟ್ಟಿಕೊಂಡು ಬಸ್ ಬದಲಿಸುವ ಪಾಡು ಬೇಡ. ಈ ಒಂದು ಖರ್ಚನ್ನು ನಾನು ಎಂದೂ ಉಳಿಸುವುದಿಲ್ಲ.

ಮಲೇಷ್ಯಾವನ್ನು ನಾವು ಆರಿಸಿದ್ದು ಮೂರು ಕಾರಣಕ್ಕೆ: ಹೈದರಾಬಾದ್‌ನಿಂದ ಸುಮಾರು ನಾಲ್ಕು ತಾಸಿನ ನೇರ ವಿಮಾನ, ಭಾರತೀಯರಿಗೆ 2023ರ ಡಿಸೆಂಬರ್‌ನಿಂದ 30 ದಿನಗಳವರೆಗೆ ವೀಸಾ ವಿನಾಯಿತಿ, ಮತ್ತು ಸಸ್ಯಾಹಾರಿ ಊಟ ಎಲ್ಲೆಂದರಲ್ಲಿ. ಈ ವಿನಾಯಿತಿ ಕಾಲಮಿತಿಯದು, ಟಿಕೆಟ್ ಮಾಡಿಸುವ ದಿನ ಅವರ ಸರ್ಕಾರಿ ತಾಣದಲ್ಲಿ ನೋಡಿಕೊಳ್ಳಿ. ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ಫಾರಂ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ಥಾಯ್ಲೆಂಡ್‌ಗೂ 2025ರ ಮೇ 1ರಿಂದ ಇಂಥದ್ದೇ ಕಾರ್ಡ್ ಕಡ್ಡಾಯವಾಗಿದೆ, ಅದೂ ಉಚಿತ.

ಅಗ್ಗದ ವಿಮಾನದ ದರದಲ್ಲಿ ಕೈಚೀಲ 7 ಕೆಜಿ ಮಾತ್ರ. ದೊಡ್ಡ ಚೀಲಕ್ಕೆ ಟಿಕೆಟ್ ಜೊತೆಯಲ್ಲೇ ಹಣ ಕಟ್ಟಿ, ಕೌಂಟರಿನಲ್ಲಿ ಅದೇ ತೂಕಕ್ಕೆ ಬಹಳ ಹೆಚ್ಚು ಕೀಳುತ್ತಾರೆ. ಐದು ಜನಕ್ಕೆ ಎರಡು ದೊಡ್ಡ ಚೀಲ ಧಾರಾಳ ಸಾಕು. ಅದರಲ್ಲಿ ಒಂದರ ಕಾಲುಭಾಗ ನಮ್ಮ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ರೊಟ್ಟಿಯನ್ನು ಸ್ಟೀಲಿನ ಅಗಲ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟರೆ ಪುಡಿಯಾಗುವುದಿಲ್ಲ. ಬೆಳಗಿನ ಮತ್ತು ದಾರಿಯ ಹಸಿವಿಗೆ ಇದು ಒದಗಿದ್ದರಿಂದ ಹೋಟೆಲ್ ಊಟ ದಿನಕ್ಕೆ ಒಂದಕ್ಕೇ ಇಳಿಯಿತು.

ಕೌಲಾಲಂಪುರದಲ್ಲಿ ತಲೆಯ ಲೆಕ್ಕ, ಗಾಡಿಯ ಲೆಕ್ಕ ಕಣ್ಣಿಗೆ ಕಟ್ಟಿದಂತೆ ಗೊತ್ತಾಯಿತು. ವಿಮಾನ ನಿಲ್ದಾಣದಿಂದ ನಗರಕ್ಕೆ ವೇಗದ ರೈಲಿದೆ, ದೊಡ್ಡವರಿಗೆ 55 ರಿಂಗಿಟ್ (ರಿಂಗಿಟ್ ಎಂದರೆ ಅವರ ಹಣ). ಒಬ್ಬಂಟಿಗರಿಗೆ ಒಳ್ಳೆಯದೇ. ಐದು ಜನಕ್ಕೆ ಆ ದುಡ್ಡಿನಲ್ಲಿ ಆ್ಯಪ್ ಮೂಲಕ ದೊಡ್ಡ ಕಾರು ಹಿಡಿದು, ಹೋಟೆಲ್ ಬಾಗಿಲಲ್ಲೇ ಇಳಿದು, ಇನ್ನೂ ಹಣ ಉಳಿಯುತ್ತದೆ. ಕೆಎಲ್ ಸೆಂಟ್ರಲ್ ನಿಲ್ದಾಣದ ಪಕ್ಕದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಉಳಿಯಿರಿ. ಬಾಳೆ ಎಲೆ ಊಟ, ಇಡ್ಲಿ, ಫಿಲ್ಟರ್ ಕಾಫಿ ಕಾಲಳತೆಯಲ್ಲಿ. ಅಲ್ಲಿಂದ ಬಾತು ಗುಹೆಗೆ ಲೋಕಲ್ ರೈಲು ಕೆಲವೇ ರಿಂಗಿಟ್‌ಗೆ ಹೋಗುತ್ತದೆ. ಮುರುಗನ ದೊಡ್ಡ ವಿಗ್ರಹದ ಪಕ್ಕದ 272 ಮೆಟ್ಟಿಲು ಹತ್ತಲು ಹಣವಿಲ್ಲ. ಅತ್ತೆಯವರು ಕೆಳಗೇ ಕುಳಿತು ಕೈಮುಗಿದರು, ಕೆಳಗೂ ಗುಡಿಗಳಿವೆ. ಮಂಗಗಳು ಕೈಯಲ್ಲಿನ ತಿಂಡಿ ಕಸಿಯುತ್ತವೆ, ಮಕ್ಕಳ ಕೈ ಖಾಲಿ ಇರಲಿ. ಪೆಟ್ರೊನಾಸ್ ಗೋಪುರಗಳನ್ನು ಎದುರಿನ ಉದ್ಯಾನದಿಂದ ಪುಕ್ಕಟೆ ನೋಡಿ. ಮೇಲೆ ಹತ್ತುವ ಟಿಕೆಟ್ ತಲೆಗೆ ಬೀಳುವಂಥದ್ದು, ನಾವು ಬಿಟ್ಟೆವು. ಹೋಟೆಲಿನಲ್ಲಿ ವಿದೇಶಿಯರು ಕೋಣೆಗೆ ದಿನಕ್ಕೆ 10 ರಿಂಗಿಟ್ ಪ್ರವಾಸೋದ್ಯಮ ತೆರಿಗೆ ಕೊಡಬೇಕು.

ಪ್ಯಾಕೇಜ್ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಎಲ್ಲವೂ ತಲೆಯ ಲೆಕ್ಕ. ದರಪಟ್ಟಿಯಲ್ಲಿನ ಮೊತ್ತ ಒಂದು ಕೋಣೆಯಲ್ಲಿ ಇಬ್ಬರಿದ್ದರೆ ಒಬ್ಬರಿಗೆ. ಮಗುವಿಗೆ ಹಾಸಿಗೆ ಬೇಕೆಂದರೆ ಬೇರೆ ದರ. ಅದರ ಮೇಲೆ ಜಿಎಸ್‌ಟಿ. ವಿದೇಶಿ ಪ್ಯಾಕೇಜ್ ಮೇಲೆ ಟಿಸಿಎಸ್ ಎಂಬ ತೆರಿಗೆಯನ್ನೂ ಹಿಡಿಯುತ್ತಾರೆ, ಅದರ ದರ ಹಲವು ಸಲ ಬದಲಾಗಿದೆ. ಅದನ್ನು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಆದರೆ ಹೊರಡುವಾಗ ಕೈಯಿಂದ ಹೋಗುವ ಹಣ ಹೋಗುತ್ತದೆ, ರಿಟರ್ನ್ ಸಲ್ಲಿಸದವರಿಗೆ ಅದು ಬರುವುದೇ ಇಲ್ಲ. ನಾದಿನಿಯವರ ಪ್ಯಾಕೇಜಿನಲ್ಲಿ ಮಧ್ಯಾಹ್ನದ ಊಟ ಸೇರಿರಲಿಲ್ಲ, ದ್ವೀಪಕ್ಕೆ ದೋಣಿ ‘ಐಚ್ಛಿಕ’ ಎಂದು ಬೇರೆ ಹಣ, ಒಂದು ಅರ್ಧ ದಿನ ಹರಳಿನ ಅಂಗಡಿಯಲ್ಲಿ ಕಳೆಯಿತು. ಇಷ್ಟಾದರೂ ಮಾತು ಬಾರದ ದೇಶಕ್ಕೆ ಗಂಡ ಹೆಂಡತಿ ಇಬ್ಬರೇ ಹೋಗುವುದಿದ್ದರೆ, ಮೊಬೈಲಿನಲ್ಲಿ ಬುಕಿಂಗ್ ಮಾಡುವ ಅಭ್ಯಾಸ ಇಲ್ಲದಿದ್ದರೆ ಪ್ಯಾಕೇಜ್ ನೆಮ್ಮದಿಯ ದಾರಿ. ಐಆರ್‌ಸಿಟಿಸಿ ಕೂಡ ವಿದೇಶಿ ಪ್ಯಾಕೇಜ್ ನಡೆಸುತ್ತದೆ, ದರ ಹೋಲಿಸಲು ಅದನ್ನೂ ತೆರೆದು ನೋಡಿ. ಏನೇನು ಸೇರಿಲ್ಲ ಎಂಬ ಪಟ್ಟಿಯನ್ನು ಮೊದಲು ಬರವಣಿಗೆಯಲ್ಲಿ ಪಡೆದು, ಆಮೇಲೆ ಮುಂಗಡ ಕೊಡಿ.

ಹಡಗಿನ ಆಸೆ ಇರುವವರಿಗೆ ತಮಿಳುನಾಡಿನ ನಾಗಪಟ್ಟಣದಿಂದ ಶ್ರೀಲಂಕಾದ ಕಾಂಕೇಸಂತುರೈಗೆ ನಾಲ್ಕು ತಾಸಿನಷ್ಟು ದೂರದ ದೋಣಿ ಸೇವೆ 2023ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ನಡುವೆ ನಿಂತು 2024ರ ಆಗಸ್ಟ್‌ನಲ್ಲಿ ಮತ್ತೆ ಶುರುವಾಯಿತು. ಮುಂಬೈ–ಚೆನ್ನೈ ರೈಲು ನಮ್ಮೂರ ಮೇಲೇ ಹೋಗುವುದರಿಂದ ಚೆನ್ನೈವರೆಗೆ ತೊಂದರೆಯಿಲ್ಲ. ಆದರೆ ಸಮುದ್ರ ಕೆಟ್ಟರೆ ಸೇವೆ ನಿಲ್ಲುತ್ತದೆ. ರಜೆಯ ದಿನಗಳು ಎಣಿಸಿದಷ್ಟೇ ಇರುವ ನೌಕರರಿಗೆ ನಾನು ಇದನ್ನು ಹೇಳುವುದಿಲ್ಲ. ಶ್ರೀಲಂಕಾಗೆ ಹೋಗುವುದಾದರೆ ಚೆನ್ನೈನಿಂದ ಕೊಲಂಬೊಗೆ ವಿಮಾನ ಹಿಡಿಯಿರಿ.

ಯಾವ ದಾರಿಯಾದರೂ ವಿಮೆ ಮಾಡಿಸಿ. 2025ರ ಸೆಪ್ಟೆಂಬರ್‌ನಲ್ಲಿ ನೇಪಾಳದ ಗಲಭೆಯ ವೇಳೆ ಕಠ್ಮಂಡು ವಿಮಾನ ನಿಲ್ದಾಣವೇ ಮುಚ್ಚಿ ಪ್ರವಾಸಿಗರು ಸಿಲುಕಿದ್ದರು. ಇಂಥ ಸಂದರ್ಭಕ್ಕೆ ರಕ್ಷಣೆ ಇದೆಯೇ ಎಂದು ಪಾಲಿಸಿ ಓದಿ ನೋಡಿ. ಹಿರಿಯರಿಗಂತೂ ಹಳೆಯ ಕಾಯಿಲೆ ಮುಚ್ಚಿಡದೆ ಬರೆಸಬೇಕು.

ಪಾಸ್‌ಪೋರ್ಟ್ ಮಾಡಿಸುವವರು ಹೆಸರಿನ ಕಡೆ ಗಮನ ಕೊಡಿ. ನಮ್ಮಲ್ಲಿ ಬರೀ ‘ಶರಣಮ್ಮ’, ‘ಅಮರೇಶ’ ಎಂದು ಒಂದೇ ಹೆಸರಿರುವವರು ಬಹಳ. ಆಧಾರ್‌ನಲ್ಲಿ ಒಂದು ಬಗೆ, ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಸಂದರ್ಶಕ ವೀಸಾ ಕೊಡುವುದನ್ನು ನಿಲ್ಲಿಸಿತು, ದುಬೈ ಯೋಚನೆ ಇರುವವರು ಅರ್ಜಿಯಲ್ಲೇ ಮನೆತನದ ಹೆಸರಿನ ಕಾಲಂ ತುಂಬಿಸಿ. ದೊಡ್ಡವರಿಗೆ 36 ಪುಟದ್ದಕ್ಕೆ 1,500 ರೂಪಾಯಿ, ಮಕ್ಕಳಿಗೆ 1,000. ಮಕ್ಕಳದು ಐದೇ ವರ್ಷ ನಡೆಯುತ್ತದೆ, ಮತ್ತು ಪ್ರಯಾಣದ ದಿನಕ್ಕೆ ಆರು ತಿಂಗಳ ಅವಧಿ ಉಳಿದಿರಬೇಕೆಂದು ಹೆಚ್ಚಿನ ದೇಶಗಳು ಕೇಳುತ್ತವೆ. ಐದೂ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ, ಅದರಲ್ಲಿನ ಅಕ್ಷರವನ್ನು ಒಂದೊಂದಾಗಿ ನೋಡಿ ಟಿಕೆಟ್‌ನಲ್ಲಿ ಹಾಗೆಯೇ ತುಂಬಿ. ಒಂದು ಅಕ್ಷರ ತಪ್ಪಿದರೂ ಅಗ್ಗದ ವಿಮಾನಗಳವರು ಅದನ್ನು ತಿದ್ದಲು ದುಡ್ಡು ಕೇಳುತ್ತಾರೆ.