ಆ ಕಾಲು ಎತ್ತಿದ್ದು ಯಾಕೆ?

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬ್ಲೂಗ್ರಾಸ್ ಬ್ಯಾಂಜೋ ಹೇಳಿಕೊಡುವುದು ನನ್ನ ಕೆಲಸ. ಬ್ಲೂಗ್ರಾಸ್ ಅಂದರೆ ಇಲ್ಲಿನ ಜನಪದ ಧಾಟಿಯ ಸಂಗೀತ; ಬ್ಯಾಂಜೋ ಅದರ ಐದು ತಂತಿಯ ವಾದ್ಯ. ಕನ್ನಡದವನಿಗೆ ಇದು ಎಲ್ಲಿ ಗಂಟುಬಿತ್ತು ಅಂತ ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಅದು ದೊಡ್ಡ ಕಥೆ, ಇವತ್ತು ಬೇಡ.

ನನ್ನ ಹತ್ತಿರ ಒಬ್ಬರು ನಿವೃತ್ತ ಬಸ್ ಡ್ರೈವರ್ ಕಲಿಯಲು ಬರುತ್ತಿದ್ದರು. ವಯಸ್ಸು 64. ಪ್ರತಿ ಮಂಗಳವಾರ ಸಂಜೆ, ಒಂದೂವರೆ ವರ್ಷ, ಒಂದು ದಿನವೂ ತಪ್ಪಿಸಿದವರಲ್ಲ. ಹೆಬ್ಬೆರಳಿಗೆ ತಂತಿ ಮೀಟುವ ಪ್ಲಾಸ್ಟಿಕ್ ಪಿಕ್, ತೋರುಬೆರಳು, ನಡುಬೆರಳಿಗೆ ಲೋಹದ ಪಿಕ್ ಹಾಕಿಕೊಂಡು ಕೂತರೆ ತಾಳ ಹಾಕುವ ಮೆಟ್ರೊನೋಮ್ ಆರಿಸುವವರೆಗೂ ಏಳುತ್ತಿರಲಿಲ್ಲ. ನನಗೂ ರೋಲ್ ಕಲಿಸುವುದೆಂದರೆ ಖುಷಿ. ಎಂಟು ಸ್ವರಗಳನ್ನು ಮೂರು ಬೆರಳಿಗೆ 3, 3, 2 ಅಂತ ಹಂಚುವುದು. ನಮ್ಮ ‘ತಕಿಟ ತಕಿಟ ತಕ’ದ ಲೆಕ್ಕವೇ. 1924ರಲ್ಲಿ ಇದೇ ರಾಜ್ಯದಲ್ಲಿ ಹುಟ್ಟಿದ ಬ್ಯಾಂಜೋ ವಾದಕ ಅರ್ಲ್ ಸ್ಕ್ರಗ್ಸ್ 1945ರ ಕೊನೆಯಲ್ಲಿ ಬ್ಲೂಗ್ರಾಸ್‌ನ ಜನಕ ಅನ್ನಿಸಿಕೊಂಡ ಬಿಲ್ ಮನ್ರೋ ತಂಡ ಸೇರಿದ್ದು ಈ ಮೂರು ಬೆರಳಿನ ವರಸೆ ಹಿಡಿದುಕೊಂಡೇ. ಅವರಿಗಿಂತ ಮುಂಚೆಯೂ ಇಲ್ಲಿ ಮೂರು ಬೆರಳಲ್ಲಿ ನುಡಿಸುವವರು ಇದ್ದರು. ಆದರೆ ಆ ವೇಗ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುವ ಆ ಸ್ಪಷ್ಟತೆ ಅವರದ್ದು.

ಸರಿ, ನಮ್ಮ ಡ್ರೈವರ್ ‘ಕ್ರಿಪಲ್ ಕ್ರೀಕ್’ ಅನ್ನುವ ಹಾಡನ್ನು ಟ್ಯಾಬ್ (ಯಾವ ತಂತಿ, ಎಲ್ಲಿ ಬೆರಳು ಅಂತ ಬರೆದ ಹಾಳೆ) ನೋಡಿ ಒಂದು ಸ್ವರ ತಪ್ಪದೆ ನುಡಿಸುತ್ತಿದ್ದರು. ಇನ್ನೇನು, ಎಲ್ಲರೂ ಸೇರಿ ನುಡಿಸುವ ಜ್ಯಾಮ್‌ಗೆ ಕರೆದುಕೊಂಡು ಹೋಗೋಣ ಅಂದುಕೊಂಡೆ.

ಶನಿವಾರ ಬೆಳಿಗ್ಗೆ. ಎಂಟು ಜನ ದುಂಡಗೆ ಕೂತಿದ್ದಾರೆ. ಮೈಕ್ ಇಲ್ಲ. ಗಿಟಾರ್ ಹಿಡಿದವರು ಹಾಡು ಶುರುಮಾಡಿದರು. ನಮ್ಮವರೂ ಶುರುಮಾಡಿದರು, ಪೂರ್ತಿ ದನಿಯಲ್ಲಿ ರೋಲ್! ಹಾಡುವವರ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೇ. ಪಿಟೀಲಿನ ಅಜ್ಜಿ ಅವರನ್ನೊಮ್ಮೆ ನೋಡಿ, ಆಮೇಲೆ ನನ್ನ ಕಡೆ ನೋಡಿದರು. ನಾನು ನನ್ನ ಶೂ ನೋಡಿಕೊಂಡೆ. ಚರಣ ಮುಗಿದಾಗ ಹಾಡುವವರು ‘ಈಗ ನೀವೊಬ್ಬರೇ ನುಡಿಸಿ’ ಅಂತ ತಲೆ ಆಡಿಸಿದರು. ಇವರು ಗಪ್‌ಚುಪ್. ಈ ಹಾಡಿನ ಟ್ಯಾಬ್ ಅವರ ಹತ್ತಿರ ಇಲ್ಲವಲ್ಲ! ಕಡೆಗೆ ಮ್ಯಾಂಡೊಲಿನ್‌ನವರು ಎತ್ತಿಕೊಂಡರು. ಹಾಡು ಮುಗಿಯುವಾಗ ಗಿಟಾರ್‌ನವರು ಒಂದು ಕಾಲು ಮುಂದಕ್ಕೆ ಎತ್ತಿದರು, ಎಲ್ಲರೂ ಒಟ್ಟಿಗೆ ನಿಲ್ಲಿಸಿದರು. ಇವರ ಬ್ಯಾಂಜೋ ಮಾತ್ರ ಇನ್ನೂ ನಾಲ್ಕು ಸ್ವರ ಓಡಿತು.

ವಾಪಸ್ ಬರುವಾಗ ಕಾರಲ್ಲಿ ತುಂಬಾ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದರು: “ಅವರು ಆ ಕಾಲು ಎತ್ತಿದ್ದು ಯಾಕೆ?”

ಒಂದೂವರೆ ವರ್ಷ ಫೀಸು ತಗೊಂಡಿದ್ದೀನಿ. ‘ಇದೇ ಕೊನೆ ಸುತ್ತು, ಮುಗಿಸಿ’ ಅನ್ನುವ ಸನ್ನೆ ಅದು ಅಂತ ಒಂದು ಮಾತು ಹೇಳಿರಲಿಲ್ಲ.

ಈಗ ಮೊದಲ ತಿಂಗಳು ನನ್ನಲ್ಲಿ ರೋಲ್ ಇಲ್ಲ, ವ್ಯಾಂಪ್ ಮಾತ್ರ, ಅಂದರೆ ಹಾಡುವವರ ಹಿಂದೆ ತಾಳಕ್ಕೆ ಸರಿಯಾಗಿ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗುಚ್ಛ) ಮೀಟುವುದು. ಜಿ ಟ್ಯೂನಿಂಗ್‌ನಲ್ಲಿ ಐದನೇ ಫ್ರೆಟ್ಟಿಗೆ (ವಾದ್ಯದ ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ನಾಲ್ಕೂ ಉದ್ದ ತಂತಿಗಳ ಮೇಲೆ ಬೆರಳು ಅಡ್ಡ ಮಲಗಿಸಿದರೆ ಸಿ ಕಾರ್ಡ್, ಏಳಕ್ಕೆ ಡಿ. ಬಾಸ್ ‘ದುಂ’ ಅಂದಮೇಲೆ ನಾವು ‘ಚಕ್’. ಮೀಟಿದ ತಕ್ಷಣ ಎಡಗೈ ಒತ್ತು ಸಡಿಲಿಸಬೇಕು. ಬೆರಳು ತಂತಿ ಬಿಡಬಾರದು, ಆದರೆ ದನಿ ಸಾಯಬೇಕು. ಕೇಳುವುದಕ್ಕೆ ಸುಲಭ, ಕೈಗೆ ಬರಲು ಎರಡು ವಾರ ಬೇಕು. ಆಮೇಲೆ ಟ್ಯಾಬ್ ಮುಚ್ಚಿಸಿ ನಾನು ಗಿಟಾರ್ ಹಿಡಿಯುತ್ತೇನೆ. ನನ್ನ ಎಡಗೈ ನೋಡಿಕೊಂಡೇ ಅವರು ಕಾರ್ಡ್ ಬದಲಾಯಿಸಬೇಕು. ನಡುವೆ ನಾನು ಹಾಡುತ್ತೇನೆ. ನನ್ನ ದನಿ ಅಷ್ಟಕ್ಕಷ್ಟೇ, ಆದರೂ ಅದು ಕೇಳದಷ್ಟು ಜೋರಾಗಿ ನುಡಿಸಿದರೆ ಅಲ್ಲೇ ನಿಲ್ಲಿಸುತ್ತೇನೆ.

ಇದರಿಂದ ನಷ್ಟವೂ ಆಗಿದೆ. ಹದಿನಾರರ ಹುಡುಗನೊಬ್ಬ ಮೂರನೇ ವಾರಕ್ಕೇ ಬಿಟ್ಟುಹೋದ. ಅವನಿಗೆ ಬೇಕಿದ್ದದ್ದು ವೇಗ. ತಪ್ಪು ಅಂತ ಹೇಗೆ ಹೇಳಲಿ? ನಾನೂ ಬ್ಯಾಂಜೋಗೆ ಮರುಳಾದದ್ದು ಅದಕ್ಕೇ.

ಡ್ರೈವರ್ ಈಗಲೂ ಬರುತ್ತಾರೆ. ಹೋದ ತಿಂಗಳು ಜ್ಯಾಮ್‌ನಲ್ಲಿ ಅವರೇ ಒಂದು ಹಾಡು ಎತ್ತಿಕೊಂಡರು. ಉತ್ಸಾಹ ಜಾಸ್ತಿಯಾಗಿ ಒಂದು ಚರಣ ಬಾಕಿ ಇರುವಾಗಲೇ ಕಾಲು ಎತ್ತಿಬಿಟ್ಟರು. ಎಂಟೂ ಜನ ಪಟ್ಟಂತ ನಿಲ್ಲಿಸಿದೆವು.