ಪ್ರಿವೆಟ್ ಬೇಲಿ: ಹದಿನಾಲ್ಕು ತಿಂಗಳ ಲೆಕ್ಕ

ಬನಶಂಕರಿಯ ನಮ್ಮ ಮನೆಯಲ್ಲಿ ಕಾಂಪೌಂಡಿನ ಒಳಬದಿಗೆ 18 ಅಡಿ ಉದ್ದದ ಮಣ್ಣಿನ ಪಟ್ಟಿಯೊಂದಿದೆ. ಅಲ್ಲಿದ್ದ ದುರಂತಾ ಎಂಬ ಬೇಲಿಗಿಡಗಳ ಬುಡವೆಲ್ಲ ಬೋಳಾಗಿ, ನೆತ್ತಿಯಲ್ಲಿ ಮಾತ್ರ ಎಲೆ ಉಳಿದಿದ್ದರಿಂದ ಅವನ್ನು ಕಿತ್ತು, ವರ್ಷವಿಡೀ ಎಲೆ ಉದುರಿಸದ ಪ್ರಿವೆಟ್ ಎಂಬ ಗಿಡ ಬೆಳೆಸಲು ಕಳೆದ ವರ್ಷ ಜೂನ್ ಮೊದಲ ವಾರದಲ್ಲಿ ಕೈಹಾಕಿದೆ.

ನರ್ಸರಿಯಲ್ಲಿ ಸಿಕ್ಕ ಒಂದೇ ಗಿಡದ ಮೇಲೆ ಪ್ರಿವೆಟ್ ಕುಲದ ಹೆಸರಾದ 'ಲಿಗುಸ್ಟ್ರಮ್' ಎಂದಷ್ಟೇ ಬರೆದಿತ್ತು. ಇದರಲ್ಲಿ ಜಪಾನಿ ಜಾತಿಯು ಹತ್ತು ಹನ್ನೆರಡು ಅಡಿಯ ಪೊದೆ. ಚೀನಾ ಮೂಲದ ಲೂಸಿಡಮ್ ಜಾತಿಯು ಬಿಟ್ಟರೆ ಮೂವತ್ತು ಅಡಿ ದಾಟುವ ಮರ. ಎರಡನ್ನೂ ಬೇರ್ಪಡಿಸುವ ಉಪಾಯ ಸುಲಭವಾದದ್ದು. ಎಲೆಯನ್ನು ಬಿಸಿಲಿಗೆ ಎತ್ತಿ ಹಿಡಿದರೆ ಲೂಸಿಡಮ್‌ನ ನರಗಳು ಬೆಳಕಿನಲ್ಲಿ ಸ್ಪಷ್ಟವಾಗಿ ತೋರುತ್ತವೆ, ಜಪಾನಿ ಜಾತಿಯ ದಪ್ಪ ಎಲೆಯಲ್ಲಿ ತೋರುವುದಿಲ್ಲ. ನನ್ನ ಗಿಡದ ಎಲೆ ಹೆಬ್ಬೆರಳಿನಷ್ಟು ಉದ್ದವಿದ್ದು, ಬಿಸಿಲಿಗೆ ಹಿಡಿದಾಗ ಒಂದೇ ಸಮನಾದ ಗಾಢ ಹಸಿರಾಗಿ ಕಂಡಿತು.

ಕಡ್ಡಿ ನೆಡುವ ಮೊದಲ ಪ್ರಯತ್ನ ಪೂರ್ಣ ಹಾಳಾಯಿತು. ತೋಟದ ಕೆಮ್ಮಣ್ಣನ್ನೇ ಕುಂಡಕ್ಕೆ ತುಂಬಿ, ಮುಂಜಾನೆ ಸಂಜೆ ನೀರು ಹಾಕಿದ್ದರಿಂದ ಹತ್ತೇ ದಿನದಲ್ಲಿ ಬುಡ ಕಪ್ಪಾಗಿ, ಬೆರಳಲ್ಲಿ ಒತ್ತಿದರೆ ತೊಗಟೆ ಜಾರಿ ಬರುತ್ತಿತ್ತು. ಆರಿದ್ರಾ ಮಳೆ ಹಿಡಿದಾಗ ಮತ್ತೆ 24 ಕಡ್ಡಿ ಕತ್ತರಿಸಿದೆ. ಈ ಸಲ ತೀರ ಎಳೆಯದನ್ನೂ ಬಲಿತು ಗಟ್ಟಿಯಾದದ್ದನ್ನೂ ಬಿಟ್ಟು, ಬಗ್ಗಿಸಿದರೆ ಸ್ವಲ್ಪ ಬಾಗಿ ಆಮೇಲೆ ಮುರಿಯುವ ಹದದ ಕೊಂಬೆಗಳನ್ನು ಆರಿಸಿ, ಒಂದು ಗೇಣಿಗಿಂತ ಕಡಿಮೆ ಉದ್ದಕ್ಕೆ ಗಿಣ್ಣಿನ ಕೆಳಗೇ ಕತ್ತರಿಸಿ, ತುದಿಯ ನಾಲ್ಕು ಎಲೆ ಮಾತ್ರ ಉಳಿಸಿಕೊಂಡೆ. ಧೂಳು ಹೋಗುವಂತೆ ತೊಳೆದ ಎಂ-ಸ್ಯಾಂಡ್ ಅರ್ಧ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅರ್ಧ ಬೆರೆಸಿ, ತಳ ಕತ್ತರಿಸಿದ ನೀರಿನ ಕ್ಯಾನುಗಳನ್ನು ಮೇಲೆ ಮುಚ್ಚಿ, ನೆರಳಿನಲ್ಲಿಟ್ಟೆ. ಏಳನೆಯ ವಾರ ಮೆಲ್ಲನೆ ಎಳೆದು ನೋಡಿದಾಗ 17 ಕಡ್ಡಿಗಳು ಮಣ್ಣು ಬಿಡಲಿಲ್ಲ. ಬೇರು ಪ್ರಚೋದಕ ಪುಡಿಯನ್ನು ಅರ್ಧಕ್ಕೆ ಮಾತ್ರ ಹಚ್ಚಿದ್ದೆ. ಹಚ್ಚದವೂ ಹೆಚ್ಚುಕಡಿಮೆ ಅಷ್ಟೇ ಬೇರು ಬಿಟ್ಟಿದ್ದವು.

ಸೆಪ್ಟೆಂಬರ್ ಕೊನೆಗೆ ಒಂದೂವರೆ ಅಡಿಗೊಂದರಂತೆ 12 ಸಸಿಗಳನ್ನು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯೊಂದಿಗೆ ನೆಲಕ್ಕೆ ನೆಟ್ಟೆ.

ನವೆಂಬರ್‌ನಲ್ಲಿ ಮಾಡಬೇಕಿದ್ದ ಕೆಲಸಕ್ಕೆ ಮನಸ್ಸೇ ಒಪ್ಪಲಿಲ್ಲ. ಆಗಷ್ಟೇ ಮೊಳಕಾಲೆತ್ತರ ಬಂದ ಸಸಿಗಳ ಮೂರನೆಯ ಒಂದು ಭಾಗವನ್ನು ಕತ್ತರಿಸುವುದೆಂದರೆ ಯಾರಿಗೆ ತಾನೇ ಹಿತವಾದೀತು? ಆದರೆ ಪ್ರಿವೆಟ್‌ನ ಎಲೆಗಳು ಗಿಣ್ಣಿಗೆ ಎರಡರಂತೆ ಎದುರುಬದುರಾಗಿ ಬರುವುದರಿಂದ, ತುದಿ ಹೋದ ಕೊಂಬೆಯು ಸಾಮಾನ್ಯವಾಗಿ ಅಲ್ಲಿಂದಲೇ ಎರಡು ಚಿಗುರು ಒಡೆಯುತ್ತದೆ; ಎತ್ತರಕ್ಕೆ ಬಿಟ್ಟ ಮೇಲೆ ಬುಡವನ್ನು ತುಂಬಿಸುವುದು ಬಹಳ ಕಷ್ಟ. ಹೋಲಿಸಿ ನೋಡಲೆಂದು ಬಾಗಿಲ ಕಡೆಯ ಎರಡು ಸಸಿಗಳನ್ನು ಕತ್ತರಿಸದೆ ಬಿಟ್ಟಿದ್ದೆ. ಈಗ ಅವೆರಡೇ ಉಳಿದವುಗಳಿಗಿಂತ ಅರ್ಧ ಅಡಿ ಎತ್ತರವಾಗಿವೆ ಮತ್ತು ಅವೆರಡರ ಬುಡದ ಮೂಲಕವೇ ಆಚೆಯ ಗೋಡೆ ಕಾಣುತ್ತದೆ. ಅಂದಿನಿಂದ ಬೇಲಿಯ ಬುಡವನ್ನು ನೆತ್ತಿಗಿಂತ ಅಗಲವಾಗಿಯೇ ಇಡುತ್ತಿದ್ದೇನೆ. ನೆತ್ತಿ ಅಗಲವಾದರೆ ಕೆಳಗಿನ ಎಲೆಗೆ ಬೆಳಕು ಬೀಳದೆ, ದುರಂತಾಕ್ಕೆ ಆದ ಗತಿಯೇ ಇದಕ್ಕೂ ಆಗುತ್ತದೆ.

ಮಾರ್ಚ್‌ನಲ್ಲಿ ಹೊಸ ಎಲೆಗಳು ಹಳದಿಯಾದವು. ಗೊಬ್ಬರ ಸಾಲದೆಂದು ಕಡಲೆಕಾಯಿ ಹಿಂಡಿ ಕೊಟ್ಟದ್ದು ದಂಡವಾಯಿತು. ಸಾರಜನಕದ ಕೊರತೆಯಾದರೆ ಮೊದಲು ಹಳೆಯ ಎಲೆ ಹಳದಿಯಾಗಬೇಕಿತ್ತು. ಇಲ್ಲಿ ಹಳೆಯವು ಹಸಿರಾಗಿಯೇ ಇದ್ದು, ಎಳೆಯ ಎಲೆಯ ನರಗಳು ಮಾತ್ರ ಹಸಿರು ಗೆರೆಗಳಾಗಿ ಉಳಿದಿದ್ದವು. ಇದು ಕಬ್ಬಿಣದ ಕೊರತೆ. ಬೇಸಿಗೆಯಲ್ಲಿ ಕಾವೇರಿ ನೀರನ್ನು ಗಿಡಕ್ಕೆ ಹಾಕಲಾಗದೆ ಬೋರ್‌ವೆಲ್‌ನ ಗಡಸು ನೀರನ್ನೇ ಹಾಕಿದ್ದೆ. ಕುಂಡಗಳ ಅಂಚಿನಲ್ಲಿ ಬಿಳಿ ಸುಣ್ಣ ಕಟ್ಟಿದ್ದನ್ನು ದಿನವೂ ನೋಡುತ್ತಿದ್ದರೂ ಹೊಳೆದಿರಲಿಲ್ಲ. ಕ್ಷಾರ ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಅಂಥ ಮಣ್ಣಿನಲ್ಲೂ ಬೇರು ಹೀರಬಲ್ಲ ರೂಪದ ಚಿಲೇಟೆಡ್ ಕಬ್ಬಿಣವನ್ನು ಎರಡು ಬಾರಿ ಬುಡಕ್ಕೆ ಕೊಟ್ಟು, ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿಯಲಾರಂಭಿಸಿದ ಮೇಲೆ ಬಂದ ಚಿಗುರು ಹಸಿರಾಗಿಯೇ ಇದೆ.

ಕುಂಡದಲ್ಲೇ ಉಳಿದಿದ್ದ ತಾಯಿಗಿಡ ಮೇ ತಿಂಗಳಲ್ಲಿ ಗೊಂಚಲು ಗೊಂಚಲು ಬಿಳಿ ಹೂ ಬಿಟ್ಟಿತು. ಪಕ್ಕದ ಮನೆಯ ಅಜ್ಜಿ ಗೇಟಿನ ಹತ್ತಿರವೇ ನಿಂತು, "ಏನಪ್ಪಾ ಇದು, ಮಲ್ಲಿಗೆ ಜಾತಿದಾ? ವಾಸನೆ ತಲೆಗೆ ಹತ್ತುತ್ತೆ" ಎಂದರು. ಎರಡೂ ನಿಜವೇ: ಮಲ್ಲಿಗೆ, ಪಾರಿಜಾತ, ಆಲಿವ್‌ಗಳ ಕುಟುಂಬಕ್ಕೇ ಇದೂ ಸೇರಿದ್ದು, ಪರಿಮಳ ಮಾತ್ರ ಅಷ್ಟು ನಯವಾದದ್ದಲ್ಲ. ಕಾಯಿ ಕಟ್ಟುವ ಮೊದಲೇ ಗೊಂಚಲುಗಳನ್ನೆಲ್ಲ ಕತ್ತರಿಸಿದೆ. ಕಪ್ಪುನೇರಳೆ ಬಣ್ಣದ ಆ ಹಣ್ಣು ಮನುಷ್ಯರಿಗೆ ವಿಷ. ಹಕ್ಕಿಗಳು ಮಾತ್ರ ತಿಂದು ದೂರ ಹರಡುತ್ತವೆ. ನಮ್ಮ ಪಶ್ಚಿಮ ಘಟ್ಟಕ್ಕೆ ಪೆರೊಟೆಟಿ ಎಂಬ ತನ್ನದೇ ಪ್ರಿವೆಟ್ ಇದೆ, ಆದರೆ ಹೊರಗಿನಿಂದ ಬಂದ ಲೂಸಿಡಮ್ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಕಳೆಯಾಗಿ ಕಾಡನ್ನೇ ಹೊಕ್ಕಿದೆ. ಜಪಾನಿ ಭಾಷೆಯಲ್ಲಿ ಈ ಗಿಡದ ಹೆಸರಿನಲ್ಲೇ ಇಲಿಯಿದೆ, ಹಣ್ಣು ಇಲಿಯ ಹಿಕ್ಕೆಯಂತೆ ಕಾಣುತ್ತದೆಂದು! ಬೇಲಿಯ ಗಿಡಗಳನ್ನು ಆಗಾಗ ಕತ್ತರಿಸುವುದರಿಂದ ಹೂ ಬಿಡುವ ತುದಿಗಳೇ ಉಳಿಯುವುದಿಲ್ಲ, ಹಾಗಾಗಿ ಅಲ್ಲಿ ಆ ಚಿಂತೆಯಿಲ್ಲ.

ಈಗ ಆಗಸ್ಟ್, ಬೇಲಿ ಎರಡೂಕಾಲು ಅಡಿ ಇದೆ. ಏಳನೆಯ ಗಿಡದ ಕೊಂಬೆಗಳಲ್ಲಿ ತೊಗಟೆಗೆ ಹುರುಪೆಯಂತೆ ಅಂಟಿ ರಸ ಹೀರುವ ಕಂದು ಬಣ್ಣದ ಶಲ್ಕ ಕೀಟ ಕಂಡಿದ್ದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದು ಬೇವಿನ ಎಣ್ಣೆ ಸಿಂಪಡಿಸಿದ್ದೇನೆ. ಬಾಗಿಲ ಕಡೆಯ ಆ ಎರಡು ಗಿಡಗಳನ್ನು ಈ ಭಾನುವಾರ ಮೊಳಕಾಲಿನ ಮಟ್ಟಕ್ಕೆ ಕತ್ತರಿಸಲಿದ್ದೇನೆ.